‘ಆಗಲ್ಲ’ ಅಂತಲೇ ಬರೆದುಕೊಡಿ

ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುವ ಮಾತು: ‘ಇದು ಆಗಲ್ಲ, ಹೋಗಿ.’ ಪೌತಿ ಖಾತೆಗೆ ಅಲೆಯುತ್ತಿರುವ ರೈತನೋ, ಪಿಂಚಣಿಗೆ ಅರ್ಜಿ ಹಾಕಿದ ಅಜ್ಜಿಯೋ ಆ ಮಾತು ಕೇಳಿ ಮುಖ ಸಣ್ಣದು ಮಾಡಿಕೊಂಡು ಹೊರಬರುತ್ತಾರೆ. ಕಚೇರಿಯ ಮೆಟ್ಟಿಲು ಸವೆಸಿ ಪಳಗಿದವರು ಹಾಗೆ ಬರುವುದಿಲ್ಲ. ‘ಸರಿ ಸಾರ್, ಆಗಲ್ಲ ಅಂತಲೇ ಬರೆದು ಒಂದು ಎಂಡಾರ್ಸ್‌ಮೆಂಟ್ ಕೊಟ್ಬಿಡಿ’ ಅನ್ನುತ್ತಾರೆ. ಅಲ್ಲಿಯವರೆಗೆ ಸಲೀಸಾಗಿ ತಲೆಯಾಡಿಸುತ್ತಿದ್ದ ವಿಷಯ ನಿರ್ವಾಹಕರು ಆಗ ಅರ್ಜಿಯನ್ನು ಮೊದಲ ಸಲ ಪೂರ್ತಿ ಓದುವುದೂ ಉಂಟು.

ಬಾಯಿಮಾತಿನ ‘ಆಗಲ್ಲ’ಕ್ಕೆ ಯಾರೂ ಹೊಣೆಯಲ್ಲ. ನಾಳೆ ಕೇಳಿದರೆ ‘ನಾನೆಲ್ಲಿ ಹಾಗಂದೆ’ ಎನ್ನಬಹುದು. ಬರೆದ ‘ಆಗಲ್ಲ’ಕ್ಕೆ ಕೆಳಗೆ ಸಹಿ ಮಾಡಿದವರೇ ಹೊಣೆ.

ಚೆಕ್ಕಿನ ಹಿಂದೆ ಬೀಳುವ ಸಹಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ಬೆನ್ನಿಗೆ ಬೀಳುವ ಷರಾ, ಆರ್‌ಸಿಯಲ್ಲಿ ಸೇರುವ ಸಾಲ ಕೊಟ್ಟ ಬ್ಯಾಂಕಿನ ಹೆಸರು, ಇನ್ಶೂರೆನ್ಸ್ ಪಾಲಿಸಿಗೆ ಸೇರುವ ತಿದ್ದುಪಡಿ, ಪೊಲೀಸ್ ಠಾಣೆಯಲ್ಲಿ ದೂರಿಗೆ ಸಿಗುವ ಉತ್ತರ, ಸಿನಿಮಾ ನಟಿ ಸೋಪು ಹಿಡಿದು ನಗುವ ಜಾಹೀರಾತು – ಇವೆಲ್ಲಕ್ಕೂ ಎಂಡಾರ್ಸ್‌ಮೆಂಟ್ ಎಂದೇ ಹೆಸರು. ಕೆಲಸ ಒಂದೊಂದು ಕಡೆ ಒಂದೊಂದು ಬಗೆ. ಎಲ್ಲ ಕಡೆಯೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಈಗ ಯಾರು ಹೊಣೆ ಹೊತ್ತರು, ಎಲ್ಲಿಯವರೆಗೆ ಹೊತ್ತರು?

ಕಚೇರಿಯ ಹಿಂಬರಹ

ಸರ್ಕಾರಿ ಕನ್ನಡದಲ್ಲಿ ಇದಕ್ಕೆ ‘ಹಿಂಬರಹ’ ಎನ್ನುತ್ತಾರೆ. ಈಗ ಅದು ಬರುವುದು ಪ್ರತ್ಯೇಕ ಹಾಳೆಯಲ್ಲಿ. ಮೇಲೆ ಕಚೇರಿಯ ಹೆಸರು, ಕಡತದ ಸಂಖ್ಯೆ, ದಿನಾಂಕ. ನಡುವೆ ದಪ್ಪಕ್ಷರದಲ್ಲಿ ‘ಹಿಂಬರಹ’. ಕೆಳಗೆ ‘ವಿಷಯ’, ‘ಉಲ್ಲೇಖ’. ಆಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ, ‘ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ’ ಎಂಬಲ್ಲಿಗೆ ಬಂದು ನಿಲ್ಲುವ ಉದ್ದನೆಯ ವಾಕ್ಯ. ಓದುವವರಿಗೆ ಬೇಸರ ಬರಬಹುದು. ಆದರೆ ವಕೀಲರ ಕಣ್ಣು ಮೊದಲು ಹುಡುಕುವುದು ಇದೇ ಹಾಳೆಯನ್ನು.

ಏಕೆಂದರೆ ಹಿಂಬರಹವಿಲ್ಲದೆ ಮೇಲ್ಮನವಿಗೆ ಕಾಲೂರಲು ಜಾಗವಿರುವುದಿಲ್ಲ. ಯಾವ ತೀರ್ಮಾನದ ವಿರುದ್ಧ ಬಂದಿದ್ದೀರಿ ಎಂದು ಮೇಲಧಿಕಾರಿ ಕೇಳುತ್ತಾರೆ, ಹೈಕೋರ್ಟು ಕೇಳುತ್ತದೆ. ಸಂವಿಧಾನದ 226ನೇ ವಿಧಿಯಡಿ ಸಲ್ಲಿಕೆಯಾಗುವ ಎಷ್ಟೋ ರಿಟ್ ಅರ್ಜಿಗಳ ಕೋರಿಕೆಯೇ ‘ಇಂಥ ದಿನಾಂಕದ ಹಿಂಬರಹವನ್ನು ರದ್ದುಪಡಿಸಿ’ ಎಂಬುದು. ಹಿಂಬರಹದಲ್ಲಿ ಕಾರಣವೇ ಇಲ್ಲದಿದ್ದರೆ ಅರ್ಜಿದಾರರ ವಾದಕ್ಕೆ ಅದೇ ಬಲ. ‘ನಿಯಮಾನುಸಾರ ಅವಕಾಶವಿಲ್ಲ’ ಎಂದು ಬರೆದು, ಯಾವ ನಿಯಮ ಎಂದು ಹೇಳದೆ ಬಿಟ್ಟ ಹಿಂಬರಹ ಅರ್ಧ ಸೋತಂತೆಯೇ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದು ಇಂದಿಗೂ ಕೆಲಸಕ್ಕೆ ಬರುತ್ತದೆ. 1977ರ ಲೋಕಸಭಾ ಚುನಾವಣೆಯಲ್ಲಿ ಪಂಜಾಬಿನ ಫಿರೋಜ್‌ಪುರ ಕ್ಷೇತ್ರದ ಮತದಾನವನ್ನು ಚುನಾವಣಾ ಆಯೋಗ ರದ್ದು ಮಾಡಿತ್ತು. ಅಭ್ಯರ್ಥಿ ಮೊಹಿಂದರ್ ಸಿಂಗ್ ಗಿಲ್ ಕೋರ್ಟಿಗೆ ಹೋದರು. ಆದೇಶ ಹೊರಡಿಸುವಾಗ ಯಾವ ಕಾರಣ ಬರೆದಿತ್ತೋ ಅದರ ಮೇಲೆಯೇ ಆದೇಶ ನಿಲ್ಲಬೇಕು, ಕೋರ್ಟಿಗೆ ಬಂದ ಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸಿ ಅದನ್ನು ಎತ್ತಿ ನಿಲ್ಲಿಸುವಂತಿಲ್ಲ ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. ಹಳೆಯದಾದಷ್ಟೂ ರುಚಿ ಏರಲು ಆದೇಶಗಳೇನು ದ್ರಾಕ್ಷಾರಸವಲ್ಲ ಎಂಬ ಅವರ ಚಟಾಕಿ ಕೋರ್ಟುಗಳಲ್ಲಿ ಈಗಲೂ ಓಡಾಡುತ್ತಿದೆ. ಪಿಂಚಣಿಯ ಅಜ್ಜಿಗೂ ಇದೇ ನಿಯಮ ಅನ್ವಯ. ‘ವಯಸ್ಸಿನ ದಾಖಲೆ ಇಲ್ಲ’ ಎಂದು ಹಿಂಬರಹ ಕೊಟ್ಟ ಕಚೇರಿ, ಆಕೆ ದಾಖಲೆ ತೋರಿಸಿದ ಮೇಲೆ ‘ವರಮಾನ ಜಾಸ್ತಿ ಇತ್ತು, ಅದಕ್ಕೇ ಕೊಡಲಿಲ್ಲ’ ಎಂದು ಆ ಹಳೆಯ ಹಿಂಬರಹವನ್ನು ಸಮರ್ಥಿಸಿಕೊಳ್ಳಲು ಹೊರಟರೆ ನಡೆಯುವುದು ಕಷ್ಟ.

ಹಿಂಬರಹ ಕೈಗೆ ಬಂದ ಕೂಡಲೇ, ಇನ್ನೂ ಕೌಂಟರಿನ ಮುಂದಿರುವಾಗಲೇ, ನೋಡಿಕೊಳ್ಳಬೇಕಾದದ್ದು ಇಷ್ಟು: ಕಡತದ ಸಂಖ್ಯೆ ಇದೆಯೇ, ದಿನಾಂಕ ಖಾಲಿ ಬಿಟ್ಟಿದ್ದಾರೆಯೇ, ‘ಉಲ್ಲೇಖ’ದಲ್ಲಿ ತಮ್ಮದೇ ಅರ್ಜಿಯ ದಿನಾಂಕ ಇದೆಯೇ, ಸಹಿ ಮಾಡಿದವರ ಪದನಾಮ ಸ್ಪಷ್ಟವಾಗಿದೆಯೇ. ದಿನಾಂಕ ಇಲ್ಲದಿದ್ದರೆ ಮೇಲ್ಮನವಿಯ ಅವಧಿ ಎಂದಿನಿಂದ ಎಣಿಸಬೇಕೆಂಬ ತಕರಾರು ಏಳುತ್ತದೆ. ತಹಶೀಲ್ದಾರರು ಸಹಿ ಮಾಡಬೇಕಾದಲ್ಲಿ ಶಿರಸ್ತೇದಾರರು ಮಾಡಿದ್ದರೆ ಅದನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಹಿಂಬರಹವನ್ನೇ ಕೊಡದಿದ್ದರೆ? ಬಹುತೇಕರು ಸಿಕ್ಕಿಬೀಳುವುದು ಇಲ್ಲಿಯೇ. ಮೂಲ ತಪ್ಪು ಸಾಮಾನ್ಯವಾಗಿ ಅದಕ್ಕೂ ಮೊದಲೇ ಆಗಿರುತ್ತದೆ: ಅರ್ಜಿಯನ್ನು ಯಾರದೋ ಕೈಗೆ ಕೊಟ್ಟು ಬಂದಿರುತ್ತಾರೆ. ಅರ್ಜಿ ಎರಡು ಪ್ರತಿ ಇರಬೇಕು, ಟಪಾಲು ವಿಭಾಗದಲ್ಲೇ ಕೊಡಬೇಕು, ತಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಬೇಕು. ಟಪಾಲಿನವರು ತಗೊಳ್ಳುವುದಿಲ್ಲ ಎಂದರೆ ಅಂಚೆ ಕಚೇರಿ ಇದ್ದೇ ಇದೆ. ಅಲ್ಲಿ ಸಿಗುವ ರಸೀದಿಯೂ ಸಾಕ್ಷಿಯೇ.

ಕೇಳಿದ ಸೇವೆ ‘ಸಕಾಲ’ದ ಪಟ್ಟಿಯಲ್ಲಿದ್ದರೆ ದಾರಿ ಇನ್ನಷ್ಟು ಸಲೀಸು. 2011ರ ಕಾಯ್ದೆಯಡಿ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೂ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಅದು ತಪ್ಪಿತಸ್ಥ ನೌಕರರ ಸಂಬಳದಿಂದ ಕಡಿತವಾಗುತ್ತದೆ. ಮೊತ್ತ ಚಿಲ್ಲರೆಯೇ ಸರಿ, ಆದರೆ ಸಂಬಳದಿಂದ ಹೋಗುವ ಚಿಲ್ಲರೆಗೆ ಚುರುಕು ಹೆಚ್ಚು.

ಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಮಾಹಿತಿ ಹಕ್ಕು. ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ’ ಎಂದು 10 ರೂಪಾಯಿ ಶುಲ್ಕದೊಂದಿಗೆ ಕೇಳಿದರೆ 30 ದಿನದಲ್ಲಿ ಉತ್ತರ ಬರಬೇಕು. ನಿರಾಕರಿಸಿದರೆ ಕಾರಣ, ಮೇಲ್ಮನವಿಯ ಅವಧಿ, ಯಾರಿಗೆ ಸಲ್ಲಿಸಬೇಕು – ಮೂರನ್ನೂ ಬರೆದುಕೊಡುವುದು ಕಾಯ್ದೆಯ 7(8)ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಎಷ್ಟೋ ಸಲ ಈ ಅರ್ಜಿ ಬಿದ್ದ ವಾರದಲ್ಲೇ ತಿಂಗಳುಗಟ್ಟಲೆ ಮಲಗಿದ್ದ ಹಿಂಬರಹ ಎದ್ದು ಬರುತ್ತದೆ.

‘ಇಲ್ಲ’ ಎಂಬ ಕಾಗದಕ್ಕೂ ಬೆಲೆ

ಕೆಲವು ಹಿಂಬರಹಗಳನ್ನು ಜನ ‘ಇಲ್ಲ’ ಎಂದು ಬರೆಸಿಕೊಳ್ಳಲೆಂದೇ ಪಡೆಯುತ್ತಾರೆ. ಜಮೀನಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ಕೇಳುವ ಕಾಗದಗಳ ಪಟ್ಟಿ ನೋಡಿದರೆ ಇದು ಗೊತ್ತಾಗುತ್ತದೆ. ಭೂಸುಧಾರಣಾ ಕಾಯ್ದೆಯಡಿ ಈ ಸರ್ವೆ ನಂಬರಿನ ಮೇಲೆ ಗೇಣಿದಾರರ ನಮೂನೆ 7, 7ಎ ಅರ್ಜಿ ಬಾಕಿ ಇಲ್ಲ ಎಂದು ತಹಶೀಲ್ದಾರರಿಂದ ಒಂದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇದಲ್ಲ ಎಂದು ಇನ್ನೊಂದು. ಭೂಸ್ವಾಧೀನಕ್ಕೆ ಒಳಪಟ್ಟಿಲ್ಲ ಎಂದು ಮತ್ತೊಂದು.

ಇವುಗಳಲ್ಲಿ ಎರಡನೆಯದನ್ನು ಹಗುರವಾಗಿ ಕಾಣುವಂತಿಲ್ಲ. ರೂಢಿಯಲ್ಲಿ ‘ಪಿಟಿಸಿಎಲ್’ ಎನ್ನುವ 1978ರ ಕಾಯ್ದೆಯ ಪ್ರಕಾರ ಇಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಆ ಕ್ರಯವೇ ಅಸಿಂಧು. ಜಮೀನು ಮರಳಿ ಕೇಳಿ ಬಹಳ ತಡವಾಗಿ ಬಂದ ಅರ್ಜಿಗಳನ್ನು ಪುರಸ್ಕರಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಕೊಂಡವರು ಸ್ವಲ್ಪ ಉಸಿರಾಡಿದ್ದರು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು ಸೇರಿಸಿತು. ಮೂಲ ಮಂಜೂರಾತಿ ಎಷ್ಟೇ ಹಳೆಯದಿರಲಿ, ಅದರ ಬಗ್ಗೆ ಹಿಂಬರಹವಿಲ್ಲದೆ ಹಣ ಕೊಡುವವರು ಧೈರ್ಯವಂತರೋ ಅಮಾಯಕರೋ ಆಗಿರಬೇಕು.

ಭೂಸ್ವಾಧೀನದ ಹಿಂಬರಹದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಡಿಎ ಕೊಟ್ಟದ್ದು ಬಿಡಿಎಗೆ ಮಾತ್ರ ಅನ್ವಯ. ಅದೇ ಸರ್ವೆ ನಂಬರ್ ಕೆಐಎಡಿಬಿಯ ಅಧಿಸೂಚನೆಯಲ್ಲೋ, ಹೆದ್ದಾರಿ ಪ್ರಾಧಿಕಾರದ ನಕ್ಷೆಯಲ್ಲೋ ಇರಬಹುದು. ಆ ಕಚೇರಿಯ ದಾಖಲೆಯಲ್ಲಿ ಆ ದಿನದ ಮಟ್ಟಿಗೆ ಕಂಡದ್ದಕ್ಕಷ್ಟೇ ಸಹಿ ಬಿದ್ದಿರುತ್ತದೆ. ಮಾರುವವರು ಎರಡು ವರ್ಷ ಹಿಂದಿನ ಹಿಂಬರಹದ ಜೆರಾಕ್ಸ್ ಕೊಟ್ಟರೆ ಹೊಸದನ್ನು ಕೇಳಬೇಕು. ನಕಲಿಯ ಅನುಮಾನವಿದ್ದರೆ ಅದರ ಮೇಲಿನ ಸಂಖ್ಯೆಯನ್ನು ಆ ಕಚೇರಿಯ ಡಿಸ್ಪ್ಯಾಚ್ ರಿಜಿಸ್ಟರ್‌ನೊಂದಿಗೆ ತಾಳೆ ನೋಡಿದರೆ ಬಣ್ಣ ಬಯಲಾಗುತ್ತದೆ.

ಸಬ್ ರಿಜಿಸ್ಟ್ರಾರ್ ಕಚೇರಿಯದು ಬೇರೆ ಬಗೆ. ಪತ್ರವನ್ನು ಯಾರು ಹಾಜರುಪಡಿಸಿದರು, ಬರೆದುಕೊಟ್ಟಿದ್ದು ನಿಜವೆಂದು ಯಾರು ಒಪ್ಪಿದರು, ತಮ್ಮೆದುರು ಹಣ ಕೈಬದಲಾಯಿತೇ ಎಂಬುದನ್ನೆಲ್ಲ 1908ರ ನೋಂದಣಿ ಕಾಯ್ದೆಯಂತೆ ಪತ್ರದ ಮೇಲೆಯೇ ದಾಖಲಿಸುತ್ತಾರೆ. ಮಾರಿದವರಿಗೆ ಹಕ್ಕಿತ್ತು ಎಂದು ಆ ಷರಾ ಎಲ್ಲಿಯೂ ಹೇಳುವುದಿಲ್ಲ. ‘ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು’ ಎನ್ನುವವರು ಇದನ್ನು ಮರೆತಿರುತ್ತಾರೆ. ನೋಂದಣಿ ಮಾಡಲು ಒಪ್ಪದಿದ್ದರೆ ‘ನೋಂದಣಿ ನಿರಾಕರಿಸಲಾಗಿದೆ’ ಎಂದು ಪತ್ರದ ಮೇಲೆ ಬರೆದು, ಕಾರಣವನ್ನು 2ನೇ ಪುಸ್ತಕದಲ್ಲಿ ದಾಖಲಿಸಬೇಕು. ಆ ದಿನದಿಂದ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹೋಗಬಹುದು. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು ನಿರಾಕರಣೆಯ ಲೆಕ್ಕಕ್ಕೆ ಬರುವುದಿಲ್ಲ.

ಪೊಲೀಸ್ ಠಾಣೆಗೆ ಹೋದವರಿಗೂ ಈ ಕಾಗದ ಪರಿಚಿತ. ದೂರು ಓದಿ, ಎರಡೂ ಕಡೆಯವರನ್ನು ಕರೆಸಿ, ‘ಇದು ಸಿವಿಲ್ ಸ್ವರೂಪದ ವ್ಯಾಜ್ಯ, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ’ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಕೆಲವು ಸಲ ಅದು ಸರಿಯೂ ಇರುತ್ತದೆ. ಆದರೆ ದೂರಿನಲ್ಲಿ ಸಂಜ್ಞೇಯ ಅಪರಾಧ ಕಂಡುಬಂದರೆ ಎಫ್‌ಐಆರ್ ಹಾಕಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಿದೆ. ಕೌಟುಂಬಿಕ ಜಗಳ, ವ್ಯಾಪಾರದ ತಕರಾರು, ವೈದ್ಯಕೀಯ ನಿರ್ಲಕ್ಷ್ಯದಂಥವುಗಳಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. ವಿಚಾರಣೆ ನಡೆಸಿ ದೂರನ್ನು ಮುಕ್ತಾಯ ಮಾಡಿದರೆ ಕಾರಣ ಬರೆದು ಒಂದು ವಾರದೊಳಗೆ ದೂರುದಾರರಿಗೆ ಪ್ರತಿ ಕೊಡಬೇಕೆಂಬುದೂ ಅದೇ ತೀರ್ಪಿನಲ್ಲಿದೆ. ಎಫ್‌ಐಆರ್ ಆಗಲಿಲ್ಲವೆಂದರೆ ಮುಂದಿನ ಹೆಜ್ಜೆ ಎಸ್‌ಪಿಗೆ ಅಂಚೆಯಲ್ಲಿ ದೂರು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣಪತ್ರ ಸಮೇತ ಅರ್ಜಿ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಇದೇ ಕ್ರಮವನ್ನು ಹೇಳುತ್ತದೆ. ಠಾಣೆಯ ಹಿಂಬರಹ, ಎಸ್‌ಪಿ ಕಚೇರಿಗೆ ಕಳಿಸಿದ ಅಂಚೆ ರಸೀದಿ – ಇವೆರಡೂ ಆ ಅರ್ಜಿಯ ಜತೆಗಿರಬೇಕಾದ ಕಾಗದಗಳು.

ಚೆಕ್ಕಿನ ಬೆನ್ನು, ಗಾಡಿಯ ಆರ್‌ಸಿ

ಚೆಕ್ಕಿನ ಹಿಂದೆ ಸಹಿ ಹಾಕುವುದನ್ನು ಜನ ಅಭ್ಯಾಸಬಲದಿಂದ ಮಾಡುತ್ತಾರೆ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಣ್ಣಿನಲ್ಲಿ ಅದು ಹಕ್ಕು ವರ್ಗಾಯಿಸುವ ಸಹಿ. ಬರೀ ಸಹಿ ಹಾಕಿ ಬಿಟ್ಟರೆ ‘ಖಾಲಿ’ ಎಂಡಾರ್ಸ್‌ಮೆಂಟ್; ಆರ್ಡರ್ ಚೆಕ್ಕೂ ಆಗ ಕೈಯಲ್ಲಿ ಹಿಡಿದವರದ್ದಾಗುತ್ತದೆ. ಬಸ್ಸಿನಲ್ಲಿ ಕಳೆದುಹೋದರೆ ಸಿಕ್ಕವರಿಗೆ ಹಬ್ಬ. ‘ಇಂಥವರಿಗೆ ಅಥವಾ ಅವರ ಆದೇಶದಂತೆ ಪಾವತಿಸಿ’ ಎಂದು ಹೆಸರು ಬರೆದು ಸಹಿ ಹಾಕಿದರೆ ‘ಪೂರ್ಣ’ ಎಂಡಾರ್ಸ್‌ಮೆಂಟ್. ಒಂದು ಲಕ್ಷದ ಚೆಕ್ಕಿನಲ್ಲಿ ನಲವತ್ತು ಸಾವಿರವನ್ನು ಮಾತ್ರ ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ.

ಹೀಗೆ ವರ್ಗಾಯಿಸಿದ ಚೆಕ್ ಬೌನ್ಸ್ ಆದರೆ? ಕ್ರಿಮಿನಲ್ ಕೇಸಿನ 138ನೇ ಸೆಕ್ಷನ್ ಚೆಕ್ ಬರೆದುಕೊಟ್ಟವರ ಮೇಲೆ. ಆದರೆ ಬೆನ್ನಿಗೆ ಸಹಿ ಹಾಕಿ ದಾಟಿಸಿದವರೂ ನೋಟಿಸ್ ಬಂದರೆ ಹಣ ತುಂಬಿಕೊಡಲು ಹೊಣೆ, ಅದು 35ನೇ ಸೆಕ್ಷನ್. ಹೊಣೆ ಬೇಡವೆನ್ನುವವರು ‘ನನ್ನ ಮೇಲೆ ಹಕ್ಕೊತ್ತಾಯವಿಲ್ಲದೆ’ ಎಂಬರ್ಥದ ಮಾತು ಬರೆದೇ ಸಹಿ ಮಾಡಬೇಕು. ವ್ಯವಹಾರದಲ್ಲಿ ಈಗ ಈ ದಾಟಿಸುವಿಕೆ ಕಡಿಮೆ. ‘ಅಕೌಂಟ್ ಪೇಯಿ’ ಎಂದು ಗೀಟು ಎಳೆದ ಚೆಕ್ಕನ್ನು ಹೆಸರಿದ್ದವರ ಖಾತೆಗಲ್ಲದೆ ಬೇರೆಯವರ ಖಾತೆಗೆ ಜಮಾ ಮಾಡದಂತೆ ರಿಸರ್ವ್ ಬ್ಯಾಂಕ್ ತಡೆದಿದೆ. ಸಹಕಾರಿ ಪತ್ತಿನ ಸಂಘಗಳ ಸದಸ್ಯರಿಗೆ 50,000 ರೂಪಾಯಿವರೆಗಿನ ಚೆಕ್ಕಿಗೆ ಮಾತ್ರ ಒಂದು ವಿನಾಯಿತಿ ಕೊಟ್ಟಿದೆ.

ಗಾಡಿಯ ವಿಷಯದಲ್ಲಿ ಹಣ ಕಳೆದುಕೊಳ್ಳುವವರು ಹೆಚ್ಚು. ಸಾಲ ತೀರಿ ವರ್ಷಗಳಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ. ಬ್ಯಾಂಕಿನ ಎನ್‌ಒಸಿ, ಸಹಿಯಾದ ನಮೂನೆ 35 ಹಿಡಿದು ಆರ್‌ಟಿಒದಲ್ಲಿ ‘ಎಚ್‌ಪಿ’ ಎಂಬ ಸಾಲದ ನಮೂದು ತೆಗೆಸದಿದ್ದರೆ ಮಾರುವಾಗ ಪೇಚಾಟ. ಮಾರಿದ ಮೇಲೂ ಹೆಸರು ಬದಲಾಗದಿದ್ದರೆ ಪೇಚಾಟ ಇನ್ನೂ ದೊಡ್ಡದು. ಕೈಯಿಂದ ಕೈಗೆ ದಾಟಿದ ಕಾರು ಅಪಘಾತ ಮಾಡಿದರೂ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಗಾಡಿ ಮಾರಿ ಬಂದ ದುಡ್ಡು ಖರ್ಚಾಗಿ ಎಷ್ಟೋ ಕಾಲದ ಮೇಲೆ ಪರಿಹಾರದ ನೋಟಿಸ್ ಮನೆಗೆ ಬರುವುದು ಹೀಗೆ.

ಕೊಂಡವರ ಕಡೆಯ ಕೆಲಸ ಇನ್ಶೂರೆನ್ಸ್‌ನದು. ಗಾಡಿ ವರ್ಗವಾದ 14 ದಿನದೊಳಗೆ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಪಾಲಿಸಿ ತಾನಾಗಿಯೇ ವರ್ಗವಾಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಮೂರನೆಯವರಿಗೆ ಆದ ಹಾನಿಗೆ ಮಾತ್ರ. ತನ್ನ ಗಾಡಿಗಾದ ಜಖಂಗೆ ದುಡ್ಡು ಬೇಕೆಂದರೆ ಪಾಲಿಸಿ ತನ್ನ ಹೆಸರಿನಲ್ಲೇ ಇರಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಮಾನಿಸಿದೆ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರ ಜತೆ ಹೋಗುವುದರಿಂದ ಹೊಸಬರು ಆ ವ್ಯತ್ಯಾಸದ ಹಣ ತುಂಬಬೇಕಾಗುತ್ತದೆ. ಅದನ್ನು ಉಳಿಸಲು ಹೋಗಿ ಇಡೀ ಕ್ಲೇಮ್ ಕಳೆದುಕೊಂಡವರಿದ್ದಾರೆ. ಆಮೇಲೆ ಹಾಕಿಸಿದ ಗ್ಯಾಸ್ ಕಿಟ್ಟಿಗೂ ಇದೇ ಮಾತು: ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಸೇರಿಸಿರಬೇಕು.

ಒಂದು ಎಂಡಾರ್ಸ್‌ಮೆಂಟ್ ಮಾತ್ರ ಈಗ ಬೇಡವಾಗಿದೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಮೀರದ ಟ್ಯಾಕ್ಸಿ, ಗೂಡ್ಸ್ ಗಾಡಿ ಓಡಿಸಲು ಲೈಸೆನ್ಸಿನಲ್ಲಿ ಪ್ರತ್ಯೇಕ ‘ಟ್ರಾನ್ಸ್‌ಪೋರ್ಟ್’ ನಮೂದು ಬೇಕಿಲ್ಲ ಎಂದು 2017ರ ಮುಕುಂದ್ ದೇವಾಂಗನ್ ತೀರ್ಪು ಹೇಳಿತ್ತು. ಇನ್ಶೂರೆನ್ಸ್ ಕಂಪನಿಗಳು ಪಟ್ಟು ಬಿಡಲಿಲ್ಲ. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ‘ಡ್ರೈವರ್‌ಗೆ ಬ್ಯಾಡ್ಜ್ ಇರಲಿಲ್ಲ’ ಎಂದಷ್ಟೇ ಬರೆದು ಕ್ಲೇಮ್ ತಿರಸ್ಕರಿಸಿದ ಪತ್ರ ಕೈಯಲ್ಲಿದ್ದರೆ ವಕೀಲರಿಗೆ ತೋರಿಸುವುದು ಲಾಭ.

ತಾರೆಯ ಮಾತಿಗೂ ಹೊಣೆ

ಇನ್ನು ಮುಖ ತೋರಿಸಿ ಕೊಡುವ ಎಂಡಾರ್ಸ್‌ಮೆಂಟ್. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರಿ ಸಂಸ್ಥೆಯ ಮೈಸೂರ್ ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದ್ದು ದೊಡ್ಡ ಗದ್ದಲವಾಯಿತು. ಕನ್ನಡದ ನಟಿಯರು ಇರಲಿಲ್ಲವೇ ಎಂಬುದು ಒಂದು ಕಡೆಯ ಪ್ರಶ್ನೆ, ಕರ್ನಾಟಕದ ಹೊರಗಿನ ಮಾರುಕಟ್ಟೆ ಬೇಕಲ್ಲ ಎಂಬುದು ಸರ್ಕಾರದ ಉತ್ತರ. ಆಗ ಹಲವರು ನೆನೆದದ್ದು ನಂದಿನಿ ಹಾಲಿಗಾಗಿ ಸಂಭಾವನೆ ಪಡೆಯದೆ ನಿಂತ ಡಾ. ರಾಜ್‌ಕುಮಾರ್ ಮತ್ತು ಪುನೀತ್ ಅವರನ್ನು. ಹಣ ಪಡೆದರೂ ಬಿಟ್ಟರೂ ಕಾನೂನು ಈಗ ಇನ್ನೊಂದು ಪ್ರಶ್ನೆ ಕೇಳುತ್ತದೆ: ಹೇಳಿದ್ದು ನಿಜವೇ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷ, ಯಾವ ಉತ್ಪನ್ನದ ಪ್ರಚಾರಕ್ಕೂ ಇಳಿಯದಂತೆ ತಡೆಯಬಹುದು. ಹೇಳಿದ್ದು ಸರಿಯೇ ಎಂದು ಮೊದಲೇ ವಿಚಾರಿಸಿ ಖಚಿತಪಡಿಸಿಕೊಂಡಿದ್ದೆ ಎಂದು ತೋರಿಸಿದವರಿಗೆ ಮಾತ್ರ ವಿನಾಯಿತಿ. ಔಷಧಿಗೋ ಟಾನಿಕ್ಕಿಗೋ ವೈದ್ಯರು ಹೆಸರು ಕೊಟ್ಟು ಪ್ರಚಾರ ಮಾಡುವುದು 2002ರ ವೈದ್ಯಕೀಯ ನಡವಳಿಕೆ ನಿಯಮಗಳಂತೆ ನಿಷಿದ್ಧ. ಬಿಳಿ ಕೋಟು ತೊಟ್ಟು ಜಾಹೀರಾತಿನಲ್ಲಿ ನಿಂತವರು ವೈದ್ಯರ ವೇಷದ ನಟರಾಗಿರುವ ಸಾಧ್ಯತೆಯೇ ಹೆಚ್ಚು.

ರೀಲ್ಸ್ ಮಾಡುವವರನ್ನೂ ಈ ಲೆಕ್ಕಕ್ಕೆ ತರಲಾಗಿದೆ. ಹಣವೋ, ಪುಕ್ಕಟೆ ಫೋನೋ, ರೆಸಾರ್ಟಿನಲ್ಲಿ ಎರಡು ದಿನದ ವಾಸವೋ ಸಿಕ್ಕಿದ್ದರೆ ಅದು ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದು ಎದ್ದು ಕಾಣುವಂತೆ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿತು. ಹ್ಯಾಷ್‌ಟ್ಯಾಗುಗಳ ರಾಶಿಯ ಕೊನೆಯಲ್ಲಿ ಹುದುಗಿಸಿಟ್ಟರೆ ಸಾಲದು. ಇಂಥದ್ದನ್ನು ನಂಬಿ ಮೋಸಹೋದವರು ವಿಡಿಯೊ ಅಳಿಸಿಹೋಗುವ ಮೊದಲೇ ಅದರ ಸ್ಕ್ರೀನ್‌ಶಾಟ್, ಲಿಂಕ್, ನೋಡಿದ ದಿನಾಂಕ, ಕೊಂಡ ಬಿಲ್ಲನ್ನು ಎತ್ತಿಟ್ಟುಕೊಳ್ಳಬೇಕು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಹೋಗಬೇಕಾದ ದೂರನ್ನು ತಮ್ಮ ಜಿಲ್ಲೆಯ ಜಿಲ್ಲಾಧಿಕಾರಿಗೇ ಬರೆದು ಸಲ್ಲಿಸಲು 17ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆ ದೂರಿನ ಎರಡನೇ ಪ್ರತಿಯ ಮೇಲೂ ಟಪಾಲಿನ ಮೊಹರು ಹಾಕಿಸಿಕೊಂಡು ಬರಬೇಕು.